ಮಲಾಣದ ಬೀಜ ಕೋಥ್ರೂಡಿನ ಕುಂಡದಲ್ಲಿ ಉಳಿಯುತ್ತಾ?

ಪ್ರಶ್ನೆ: ನಾವು ಧಾರವಾಡದ ಕಡೆಯವರು. ಪುಣೆಗೆ ಬಂದು ಇಪ್ಪತ್ತೆರಡು ವರ್ಷವಾಯಿತು, ಕೋಥ್ರೂಡಿನಲ್ಲಿ ಮನೆ. ಮಗ ಹಿಂಜವಡಿಯ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾನೆ. ಹೋದ ತಿಂಗಳು ಗೆಳೆಯರ ಜೊತೆ ಹಿಮಾಚಲಕ್ಕೆ ಟ್ರೆಕ್ಕಿಂಗ್ ಹೋಗಿ ಬಂದ. ಬ್ಯಾಗ್ ತೊಳೆಯಲು ತೆಗೆದಾಗ ಒಂದು ಕಾಗದದ ಪೊಟ್ಟಣ ಸಿಕ್ಕಿತು. ಒಳಗೆ ಕೊತ್ತಂಬರಿ ಬೀಜಕ್ಕಿಂತ ಸಣ್ಣದಾದ, ಬೂದು ಬಣ್ಣದ, ಮೇಲೆ ಗೆರೆ ಗೆರೆ ಇರುವ ಬೀಜ. ಐವತ್ತು ಇರಬಹುದು. ಜೊತೆಗೆ ಒಣಗಿದ ಹೂವಿನ ಚೂರು. ಕೇಳಿದರೆ, "ಇದು ಮಲಾಣದ ಮೂಲ ತಳಿ ಅಮ್ಮಾ. ಜಗತ್ತಿನಲ್ಲೇ ಅಪರೂಪ, ನಶಿಸಿ ಹೋಗ್ತಿದೆ. ಬಾಲ್ಕನಿಯಲ್ಲಿ ನಾಲ್ಕು ಕುಂಡದಲ್ಲಿ ಹಾಕಿ ಉಳಿಸೋಣ" ಅಂದ. ಗಾಂಜಾ ಬೀಜ ಅಂತ ಗೊತ್ತಾದ ಮೇಲೆ ನನಗೆ ನಿದ್ದೆ ಇಲ್ಲ. ಬೀಜಕ್ಕೆ ಕಾನೂನಿನ ತಕರಾರಿಲ್ಲ ಅಂತಾನೆ. ನಮ್ಮ ಮಾವನವರಿಗೆ ಮೊಣಕಾಲು ನೋವು. ಇದರ ಎಣ್ಣೆ ಒಳ್ಳೆಯದಂತೆ ಅಂತ ಅವರೂ ಮೊಮ್ಮಗನ ಕಡೆ. ಬೀಜ ಇಟ್ಟುಕೊಳ್ಳುವುದು ತಪ್ಪಾ? ಅದು ನಿಜವಾಗಿ ಅಪರೂಪದ್ದಾ? ಬಿಸಾಡಿದರೆ ಒಂದು ತಳಿಯನ್ನು ಕೊಂದ ಪಾಪ ನನಗೆ ಬರುತ್ತಾ?

ಉತ್ತರ:

ಅಕ್ಕಾವ್ರೇ, ನಿಮ್ಮ ಕೊನೆಯ ಪ್ರಶ್ನೆ ಓದಿ ನನಗೆ ಒಂದು ಸಜ್ಜೆ ಹೊಲ ನೆನಪಾಯಿತು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ನಿದ್ದೆಯ ವಿಷಯ.

ನಾನು ಬೀಜದ ಕೆಲಸದವನು, ವಕೀಲನಲ್ಲ. ಆದರೆ ನಮ್ಮ ಕೆಲಸದಲ್ಲಿ ಈ ಕಾನೂನು ಓದದೆ ಗತಿಯಿಲ್ಲ. ನಿಮ್ಮ ಮಗ ಹೇಳಿದ್ದು ಅರ್ಧ ನಿಜ. 1985ರ ಮಾದಕ ವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಅಂದರೆ ಭಂಗಿ ಗಿಡದ ಹೂ ಬಿಟ್ಟ ಅಥವಾ ಕಾಯಿ ಕಟ್ಟಿದ ತುದಿ. ಬೀಜವನ್ನೂ ಎಲೆಯನ್ನೂ ಅದರಿಂದ ಹೊರಗಿಟ್ಟಿದ್ದಾರೆ. ಆದರೆ ಅಲ್ಲೇ ಒಂದು ಷರತ್ತಿದೆ. ಆ ತುದಿಗಳ ಜೊತೆ ಸೇರಿರಬಾರದು. ನಿಮ್ಮ ಪೊಟ್ಟಣದಲ್ಲಿ ಹೂವಿನ ಚೂರು ಇದೆ ಅಂತ ನೀವೇ ಬರೆದಿದ್ದೀರಿ. ಹಾಗಾಗಿ ಅದನ್ನು 'ಬರೀ ಬೀಜ' ಅನ್ನಲು ಬರುವುದಿಲ್ಲ. ಒಂದು ಕೆಜಿವರೆಗಿನ ಗಾಂಜಾ ಕಾನೂನಿನ ಲೆಕ್ಕದಲ್ಲಿ 'ಸಣ್ಣ ಪ್ರಮಾಣ', ನಿಮ್ಮಲ್ಲಿರುವುದು ಒಂದೆರಡು ಗ್ರಾಂ ಇದ್ದರೆ ಹೆಚ್ಚು. ಆದರೆ ಸಣ್ಣ ಪ್ರಮಾಣ ಅಂದರೆ ಶಿಕ್ಷೆ ಸಣ್ಣದು ಅಂತ ಅಷ್ಟೇ. ಅಪರಾಧವೇ ಅಲ್ಲ ಅಂತ ಅಲ್ಲ. ಅದಕ್ಕೂ ಒಂದು ವರ್ಷದವರೆಗೆ ಜೈಲು ಆಗಬಹುದು.

ಕುಂಡದಲ್ಲಿ ಹಾಕುವ ಮಾತು ಬಂದರೆ ಯಾವ ಸಂದೇಹವೂ ಇಲ್ಲ. ಕಾಯ್ದೆ ನಿಷೇಧಿಸಿರುವುದು ಭಂಗಿ ಗಿಡ ಬೆಳೆಸುವುದನ್ನೇ. ನಾಲ್ಕು ಕುಂಡವೋ ನಾಲ್ಕು ಎಕರೆಯೋ, ಹೆಣ್ಣು ಗಿಡವೋ ಗಂಡು ಗಿಡವೋ, ನಶೆ ಇರುವುದೋ ಇಲ್ಲದ್ದೋ, ಕಾಯ್ದೆಗೆ ಎಲ್ಲವೂ ಒಂದೇ. ಶಿಕ್ಷೆ ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. "ತಳಿ ಉಳಿಸಲು ಬೆಳೆದೆ" ಅನ್ನುವುದಕ್ಕೆ ಅಲ್ಲಿ ವಿನಾಯಿತಿ ಇಲ್ಲ. ಹೆದರಿಸಲು ಹೇಳುತ್ತಿಲ್ಲ. ಆದರೆ ಎದುರು ಬಿಲ್ಡಿಂಗಿನ ಎಲ್ಲರಿಗೂ ಕಾಣುವ ಬಾಲ್ಕನಿಯಲ್ಲಿ, ಇಪ್ಪತ್ತೈದು ವರ್ಷದ ಹುಡುಗ ಪ್ರಯೋಗ ಮಾಡುವ ವಿಷಯ ಇದಲ್ಲ.

"ಹಾಗಾದರೆ ಹೋಳಿಗೆ ಭಂಗಿ ಕುಡಿಯುತ್ತಾರಲ್ಲ?" ಅಂತ ಮಾವನವರು ಕೇಳಬಹುದು. ಎಲೆಯಿಂದ ಮಾಡಿದ ಭಂಗಿ ಈ ಕೇಂದ್ರ ಕಾಯ್ದೆಯ ಗಾಂಜಾ ವ್ಯಾಖ್ಯೆಯೊಳಗೆ ಬರುವುದಿಲ್ಲ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಜಾಮೀನು ಆದೇಶದಲ್ಲಿ ಇದನ್ನೇ ಹೇಳಿತು. ಆದರೆ ರಾಜ್ಯಗಳ ಕಾನೂನು ಬೇರೆ ಇವೆ. ಮಹಾರಾಷ್ಟ್ರದಲ್ಲಿ 1949ರ ಪಾನನಿಷೇಧ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಭಂಗಿಯೂ ತಪ್ಪೇ. ಊರಲ್ಲಿ ನಡೆಯುತ್ತದೆ, ಕಾಶಿಯಲ್ಲಿ ಸರ್ಕಾರಿ ಅಂಗಡಿ ಇದೆ ಅನ್ನುವ ಮಾತು ಪುಣೆಯಲ್ಲಿ ಕೆಲಸಕ್ಕೆ ಬರುವುದಿಲ್ಲ.

ಈಗ ತಳಿಯ ವಿಷಯಕ್ಕೆ ಬರೋಣ. ಇದು ನನಗೆ ಗೊತ್ತಿರುವ ವಿಷಯ.

ನಮ್ಮ ಕಡೆ 'ಜವಾರಿ' ಅಂತೀವಲ್ಲ, ಜವಾರಿ ಬದನೆ, ಜವಾರಿ ಟೊಮೆಟೊ, ಜವಾರಿ ಕೋಳಿ, ಅದೇ ಅರ್ಥದಲ್ಲಿ ಮಲಾಣದ್ದು ಜವಾರಿ ಭಂಗಿ. ಯಾವ ಸಂಶೋಧನಾ ಕೇಂದ್ರವೂ ಮಾಡಿದ್ದಲ್ಲ. ಒಂದು ಕಣಿವೆಯಲ್ಲಿ, ಒಂದೇ ಹವಾಮಾನದಲ್ಲಿ, ತಲೆಮಾರುಗಟ್ಟಲೆ ಬೆಳೆದು, ಅಲ್ಲಿನ ಜನ ತಮಗೆ ಬೇಕಾದ ಗಿಡದ ಬೀಜ ಎತ್ತಿಟ್ಟು ಬಂದದ್ದು. ಮಲಾಣ ಕುಲ್ಲು ಜಿಲ್ಲೆಯಲ್ಲಿ, ಪಾರ್ವತಿ ಕಣಿವೆಯ ಪಕ್ಕದ ಒಂದು ಕಣಿವೆಯಲ್ಲಿದೆ. ಸಮುದ್ರಮಟ್ಟದಿಂದ ಎರಡೂವರೆ ಸಾವಿರ ಮೀಟರಿಗಿಂತ ಮೇಲೆ. ಜನ ಆಡುವ ಕನಾಶಿ ಭಾಷೆ ಸುತ್ತಲಿನ ಯಾವ ಊರಿಗೂ ತಿಳಿಯುವುದಿಲ್ಲ. ಊರ ದೇವರು ಜಮ್ಲು. ಹೊರಗಿನವರು ದೇವಸ್ಥಾನದ ಗೋಡೆ ಮುಟ್ಟುವಂತಿಲ್ಲ, ಮುಟ್ಟಿದರೆ ದಂಡ. ಅವರು ಅಲೆಕ್ಸಾಂಡರನ ಸೈನಿಕರ ವಂಶದವರು ಅನ್ನುವ ಕಥೆಯನ್ನು ನಿಮ್ಮ ಮಗನೂ ಕೇಳಿಸಿಕೊಂಡು ಬಂದಿರುತ್ತಾನೆ. ಅದಕ್ಕೆ ಆಧಾರವಿಲ್ಲ. ಆದರೆ ಇಂಥ ಕಥೆಗಳಿಂದಲೇ ಪೊಟ್ಟಣದ ರೇಟು ಏರುವುದು, ಅಲ್ವಾ.

ಹೊರಗಿನ ಜಗತ್ತಿಗೆ ಮಲಾಣ ಗೊತ್ತಿರುವುದು ಚರಸ್‌ನಿಂದ. ಹಸಿ ಹೂವನ್ನು ಅಂಗೈಯಲ್ಲಿ ಉಜ್ಜಿ ತೆಗೆದ ಅಂಟು ಅದು. ಆದರೆ ಆ ಗಿಡ ಮೊದಲು ಅವರ ಹಗ್ಗ, ಅವರ ಚಪ್ಪಲಿ. ಕುಲ್ಲು ಕಡೆ 'ಪೂಲಾ' ಅಂತ ಒಂದು ಮೆಟ್ಟು ಇದೆ, ಭಂಗಿ ನಾರಿನಲ್ಲಿ ಹೆಣೆದದ್ದು. ಚರ್ಮ ಹಾಕಿಕೊಂಡು ಹೋಗಬಾರದ ಕಡೆ, ದೇವಸ್ಥಾನದಲ್ಲಿ, ಅಡುಗೆಮನೆಯಲ್ಲಿ ಅದನ್ನು ಮೆಟ್ಟುತ್ತಿದ್ದರು. ನಾನು ಒಮ್ಮೆ ಕೆಲಸದ ಮೇಲೆ ಆ ಜಿಲ್ಲೆಗೆ ಹೋಗಿದ್ದಾಗ ಒಬ್ಬ ಅಜ್ಜಿ ಹಟ್ಟಿಯ ಮುಂದೆ ಕೂತು ಕಾಂಡದ ಸಿಪ್ಪೆ ಸುಲಿಯುತ್ತಿದ್ದರು. ನಮ್ಮಲ್ಲಿ ಪುಂಡಿ ನಾರು ತೆಗೆಯುತ್ತಾರಲ್ಲ, ಥೇಟ್ ಹಾಗೇ. ನನಗೆ ಆ ಗಿಡದ ಬಗ್ಗೆ ಮರ್ಯಾದೆ ಹುಟ್ಟಿದ್ದು ಅವತ್ತೇ.

ಮರ್ಯಾದೆಗೆ ಇನ್ನೊಂದು ಕಾರಣ ನಮ್ಮ ಮಹಾರಾಷ್ಟ್ರದಲ್ಲೇ ಇದೆ. ಎಲ್ಲೋರಾ ಗುಹೆಗಳ ಗೋಡೆಯ ಗಾರೆಯಲ್ಲಿ ಭಂಗಿ ಗಿಡದ ಚೂರು ಬೆರೆಸಿದ್ದಾರೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿತು. ಅಲ್ಲಿನ ಗಾರೆ ಒಂದೂವರೆ ಸಾವಿರ ವರ್ಷ ಹುಳ ಹಿಡಿಯದೆ, ತೇವಕ್ಕೆ ಉದುರದೆ ನಿಂತಿರುವುದಕ್ಕೆ ಇದೂ ಒಂದು ಕಾರಣ ಅನ್ನುವುದು ಅವರ ವಾದ. ಅಜಂತಾದ ಗಾರೆಯಲ್ಲಿ ಅದು ಸಿಗಲಿಲ್ಲ. ಇನ್ನು ಗಾಂಜಾವನ್ನು ಪ್ರಸಾದವಾಗಿ ಕೊಡುವ ಯಾದಗಿರಿ ಕಡೆಯ ತಿಂಥಣಿ ಮೌನೇಶ್ವರ ಜಾತ್ರೆ ನಿಮ್ಮ ಮಾವನವರಿಗೆ ಗೊತ್ತೇ ಇರುತ್ತದೆ. ಹಾಗಾಗಿ ಇದು ಹಿಪ್ಪಿಗಳು ತಂದ ಗಿಡ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಆದರೆ ನಿಮ್ಮ ಪೊಟ್ಟಣದಲ್ಲಿರುವುದು ಆ ಜವಾರಿಯೇನಾ? ನನ್ನ ಅನುಭವದಲ್ಲಿ ಹೇಳಬೇಕೆಂದರೆ, ಇರುವ ಸಾಧ್ಯತೆ ಕಡಿಮೆ.

ಭಂಗಿ ಗಿಡದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಗಂಡಿನ ಪರಾಗ ಗಾಳಿಯಲ್ಲಿ ಹೋಗುತ್ತದೆ. ಒಂದೆರಡು ಮಾರು ಅಲ್ಲ, ಕಿಲೋಮೀಟರುಗಟ್ಟಲೆ. ದಶಕಗಳಿಂದ ಆ ಕಣಿವೆಗಳಿಗೆ ಹೊರದೇಶದ ಬೀಜ ಬರುತ್ತಿದೆ. ಜಾಸ್ತಿ ಅಂಟು ಬರುತ್ತದೆ, ಬೇಗ ಕೊಯ್ಲಿಗೆ ಬರುತ್ತದೆ ಅಂತ ತಂದು ಹಾಕಿದವರು ಇದ್ದಾರೆ. ಒಬ್ಬ ಹಾಕಿದರೆ ಸಾಕು, ಉಳಿದದ್ದನ್ನು ಗಾಳಿ ನೋಡಿಕೊಳ್ಳುತ್ತದೆ. ತಾಯಿ ಗಿಡ ಅಪ್ಪಟ ಮಲಾಣದ್ದೇ ಆಗಿದ್ದರೂ ಬೀಜದ ತಂದೆ ಯಾರು ಅಂತ ಯಾರಿಗೂ ಗೊತ್ತಿರುವುದಿಲ್ಲ. ಬೀಜ ನೋಡಿ ಹೇಳಲು ಬರುವುದಿಲ್ಲ. ಬೂದು ಬಣ್ಣ, ಹುಲಿಪಟ್ಟೆ, ಸಣ್ಣ ಗಾತ್ರ, ಇವೆಲ್ಲ ರಸ್ತೆ ಬದಿಯ ಕಾಡು ಭಂಗಿಯಲ್ಲೂ ಇರುತ್ತವೆ. ಹಿಮಾಲಯದ ತಪ್ಪಲಲ್ಲಿ ಅದು ನಮ್ಮ ಕಡೆಯ ಕಾಂಗ್ರೆಸ್ ಗಿಡದ ಹಾಗೆ ಎಲ್ಲೆಂದರಲ್ಲಿ ಬೆಳೆಯುತ್ತದೆ. ಪ್ರವಾಸಿಗರಿಗೆ 'ಮೂಲ ತಳಿ' ಅಂತ ಪೊಟ್ಟಣ ಕಟ್ಟಿ ಕೊಡುವವನು ಎಲ್ಲಿಂದ ಉದುರಿಸಿಕೊಂಡು ಬಂದ ಅಂತ ದೇವರಿಗೇ ಗೊತ್ತು.

ಇನ್ನು ಆ ಸಜ್ಜೆ ಹೊಲದ ಕಥೆ. ಇಳಕಲ್ ಹತ್ತಿರದ ಒಬ್ಬ ಅಜ್ಜಿಯಿಂದ ನಾನು ಒಂದು ಸೇರು ಜವಾರಿ ಸಜ್ಜೆ ತಂದಿದ್ದೆ. ತೆನೆ ಗಿಡ್ಡ, ಕಾಳು ಸಣ್ಣದು, ಆದರೆ ರೊಟ್ಟಿ ಮೂರು ದಿನ ಮೆತ್ತಗೆ ಇರುತ್ತಿತ್ತು. ಶಿರೂರ ಕಡೆ ಗೆಳೆಯನ ಹೊಲದ ಒಂದು ಮೂಲೆಯಲ್ಲಿ ಹಾಕಿಸಿದೆ. ಸುತ್ತ ಹೈಬ್ರಿಡ್ ಸಜ್ಜೆ ಇದ್ದದ್ದು ನನಗೆ ಗೊತ್ತಿತ್ತು. ಸಜ್ಜೆಗೂ ಗಾಳಿಯಲ್ಲೇ ಪರಾಗ ಬರುವುದು, ಅದೂ ಗೊತ್ತಿತ್ತು. ಆದರೂ ಒಂದು ವರ್ಷ ನಡೆಯುತ್ತದೆ ಬಿಡು ಅಂದುಕೊಂಡೆ. ಮೂರನೇ ವರ್ಷಕ್ಕೆ ತೆನೆ ಉದ್ದವಾಯಿತು. ಗೆಳೆಯ ಖುಷಿಪಟ್ಟ. ರೊಟ್ಟಿ ಮಾತ್ರ ಮರುದಿನವೇ ಚಕ್ಕಳ. ಅಷ್ಟರಲ್ಲಿ ಇಳಕಲ್ಲಿನ ಅಜ್ಜಿ ತೀರಿಕೊಂಡಿದ್ದರು. ಅವರ ಮಗ ಮೆಕ್ಕೆಜೋಳಕ್ಕೆ ಹೋಗಿದ್ದ. ನಾನು ಆ ತಳಿಯನ್ನು ಬಿಸಾಡಿರಲಿಲ್ಲ ಅಕ್ಕಾವ್ರೇ, ಬೆಳೆದೇ ಕಳೆದೆ.

ಒಂದು ಜವಾರಿ ತಳಿ ಅಂದರೆ ಒಂದು ಗಿಡವಲ್ಲ, ಒಂದು ಜಾತ್ರೆ. ಒಂದೇ ಹೊಲದಲ್ಲಿ ಎತ್ತರದ್ದು, ಗಿಡ್ಡದ್ದು, ಬೇಗ ಹೂ ಬಿಡುವುದು, ತಡವಾಗಿ ಬಿಡುವುದು, ಚಳಿ ತಡೆಯುವುದು, ರೋಗ ತಡೆಯುವುದು ಎಲ್ಲ ಇರುತ್ತವೆ. ಆ ಬೆರಕೆಯೇ ಅದರ ಬಲ. ಇಂಥ ಬೆಳೆಯ ಬೀಜ ಸಂಗ್ರಹಿಸುವಾಗ ನಾವು ಹತ್ತಾರು ಗಿಡಗಳಿಂದ, ಸಾಧ್ಯವಾದರೆ ನೂರು ಗಿಡಗಳಿಂದ ಸಾವಿರಗಟ್ಟಲೆ ಬೀಜ ತೆಗೆಯುತ್ತೇವೆ. ನಾಲ್ಕು ಕುಂಡದ ಲೆಕ್ಕ ಹಾಕಿ ನೋಡಿ. ನಾಲ್ಕೂ ಗಂಡೋ ನಾಲ್ಕೂ ಹೆಣ್ಣೋ ಆಗುವ ಸಾಧ್ಯತೆ ಎಂಟರಲ್ಲಿ ಒಂದು. ಆಗ ಕಾಳೇ ಕಟ್ಟುವುದಿಲ್ಲ. ಎರಡೂ ಇದ್ದವು ಅಂತಲೇ ಇಟ್ಟುಕೊಳ್ಳಿ. ಮುಂದಿನ ಪೀಳಿಗೆ ಎಲ್ಲ ಅಣ್ಣ-ತಂಗಿಯರು. ಅದರ ಮುಂದಿನದು ಇನ್ನೂ ಹತ್ತಿರದ ರಕ್ತ. ಮೂರ್ನಾಲ್ಕು ಪೀಳಿಗೆಯಲ್ಲಿ ಗಿಡ ಸೊರಗುತ್ತಾ ಬರುತ್ತದೆ.

ಅದಕ್ಕಿಂತ ದೊಡ್ಡ ತೊಂದರೆ ಹಗಲಿನದು. ಭಂಗಿ ಗಿಡ ಗಡಿಯಾರ ನೋಡುವ ಗಿಡ. ರಾತ್ರಿ ಉದ್ದವಾಗುತ್ತಾ ಬಂದಾಗ ಹೂ ಬಿಡುತ್ತದೆ. ಮಲಾಣದಲ್ಲಿ ಜೂನ್ ತಿಂಗಳ ಹಗಲು ಹದಿನಾಲ್ಕು ಗಂಟೆಗೂ ಹೆಚ್ಚು. ಆಗ ಗಿಡ ಬರೀ ಎತ್ತರ ಬೆಳೆಯುತ್ತದೆ. ಹಗಲು ಕಡಿಮೆಯಾಗುತ್ತಾ ಬಂದ ಮೇಲೆ, ಮಳೆ ನಿಂತು ಚಳಿ ಶುರುವಾಗುವ ಹೊತ್ತಿಗೆ ಹೂವು ತುಂಬುತ್ತದೆ. ಪುಣೆಯಲ್ಲಿ ವರ್ಷದ ಅತಿ ಉದ್ದದ ಹಗಲೇ ಹದಿಮೂರೂಕಾಲು ಗಂಟೆ. ಬೆಟ್ಟದ ಗಿಡಕ್ಕೆ ಇಲ್ಲಿ ಹುಟ್ಟಿದ ಕೂಡಲೇ "ಅಯ್ಯೋ, ಆಗಲೇ ಸುಗ್ಗಿ ಬಂತು" ಅನ್ನಿಸುತ್ತದೆ. ಮೊಣಕಾಲೆತ್ತರಕ್ಕೆ ಅವಸರದಲ್ಲಿ ಹೂ ಬಿಡುತ್ತದೆ. ಹೂವು ಬರುವ ಹೊತ್ತಿಗೆ ಸಿಂಹಗಡದ ಕಡೆಯಿಂದ ಜುಲೈ ಮಳೆ. ದಟ್ಟ ಹೂಗೊನೆಗೆ ಬೂಷ್ಟು ಹಿಡಿಯಲು ಎರಡು ದಿನ ಸಾಕು.

ಒಂದು ವೇಳೆ ಕೆಲವು ಗಿಡ ಬದುಕಿದವು ಅನ್ನಿ. ಬದುಕುವುದು ಯಾವುದು? ಪುಣೆಯ ಸೆಕೆಗೂ ಮಳೆಗೂ ಗಿಡ್ಡ ಹಗಲಿಗೂ ಹೊಂದಿಕೊಂಡದ್ದು. ಅದರ ಬೀಜ ಎತ್ತಿಟ್ಟರೆ ಮುಂದಿನ ವರ್ಷ ಇನ್ನಷ್ಟು ಪುಣೆಯದಾಗುತ್ತದೆ. ಬ್ಯಾಡಗಿ ಮೆಣಸಿನಕಾಯಿ ಬೀಜವನ್ನು ಬೇರೆ ರಾಜ್ಯದಲ್ಲಿ ಬಿತ್ತಿ ಬ್ಯಾಡಗಿ ಅಂತ ಮಾರುವುದನ್ನು ನೀವು ಮಾರ್ಕೆಟ್ಟಿನಲ್ಲಿ ನೋಡಿರುತ್ತೀರಿ. ಹೆಸರು ಇರುತ್ತದೆ, ನಮ್ಮೂರಿನ ಆ ಸುಕ್ಕು, ಆ ಬಣ್ಣ ಇರುವುದಿಲ್ಲ. ಮಂಗಳವೇಢೆಯ ಮಾಲದಂಡಿ ಜೋಳದ ಕಥೆಯೂ ಅದೇ, ಆ ಕಪ್ಪು ಮಣ್ಣು, ಹಿಂಗಾರಿನ ಆ ಇಬ್ಬನಿ ಇಲ್ಲದೆ ಅದು ಆ ಜೋಳವಲ್ಲ. ಕಣಿವೆ ಬಿಟ್ಟು ತಳಿ ಉಳಿಸುವುದು ಅಂದರೆ ಹೆಸರು ಉಳಿಸುವುದು ಅಷ್ಟೇ.

ಡಬ್ಬಿಯಲ್ಲಿ ಹಾಕಿ ಕಪಾಟಿನಲ್ಲಿ ಇಡೋಣವೇ ಅಂದರೆ ಅದೂ ಆಗುವುದಿಲ್ಲ. ಭಂಗಿ ಬೀಜದಲ್ಲಿ ಸುಮಾರು ಮೂರನೇ ಒಂದು ಭಾಗ ಎಣ್ಣೆ. ಎಣ್ಣೆ ಬೀಜ ಮನೆಯ ಶಾಖದಲ್ಲಿ ಬೇಗ ಮುಗ್ಗಲಾಗುತ್ತದೆ. ನಮ್ಮ ಏಪ್ರಿಲ್ ಬಿಸಿಲನ್ನು ಎರಡು ಮೂರು ಸಲ ಕಂಡರೆ ಮೊಳೆಯುವ ಶಕ್ತಿ ಬಹುತೇಕ ಹೋಗಿರುತ್ತದೆ. ದೆಹಲಿಯ ರಾಷ್ಟ್ರೀಯ ಬೀಜ ಭಂಡಾರದಲ್ಲಿ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಮಾದರಿಗಳಿವೆ. ಅಲ್ಲಿ ಬೀಜದ ತೇವ ಇಳಿಸಿ, ಗಾಳಿಯಾಡದಂತೆ ಮುಚ್ಚಿ, ಮೈನಸ್ 18 ಡಿಗ್ರಿಯಲ್ಲಿ ಇಡುತ್ತಾರೆ. ಮನೆಯ ಫ್ರಿಜ್ಜಿನ ಬಾಗಿಲು ದಿನಕ್ಕೆ ಎಷ್ಟು ಸಲ ತೆಗೆಯುತ್ತೀರಿ ಅಂತ ನೀವೇ ಎಣಿಸಿ.

ಮಗ ಹೇಳಿದ್ದರಲ್ಲಿ ಒಂದು ಮಾತು ಮಾತ್ರ ಸರಿ. ಈ ಜವಾರಿ ತಳಿಗಳು ಕಳೆದು ಹೋಗುತ್ತಿರುವುದು ನಿಜ. ಆದರೆ ಯಾಕೆ ಅನ್ನುವುದು ಅವನು ಅಂದುಕೊಂಡ ಹಾಗಿಲ್ಲ.

ನೈಲಾನ್ ಹಗ್ಗ ಬಂದಾಗ ನಾರಿನ ಬೆಲೆ ಹೋಯಿತು. ಪ್ಲಾಸ್ಟಿಕ್ ಚಪ್ಪಲಿ ಬಂದಾಗ ಪೂಲಾ ಹೋಯಿತು. ಗಿಡಕ್ಕೆ ಉಳಿದದ್ದು ಒಂದೇ ಗಿರಾಕಿ, ಚರಸ್. ಚರಸ್ ಗಿರಾಕಿಗೆ ನಾರು ಬೇಡ, ಕಾಳು ಬೇಡ, ಅಂಟು ಮಾತ್ರ ಬೇಕು. ಹಾಗಾಗಿ ಬೀಜ ಎತ್ತಿಡುವವರ ಕಣ್ಣೂ ಅದೊಂದರ ಮೇಲೇ ಹೋಯಿತು. ಅದರ ಮೇಲೆ ಹೊರಗಿನ ಬೀಜ. ಅದರ ಮೇಲೆ ಪ್ರತಿ ವರ್ಷ ಪೊಲೀಸರು ಬಂದು ಗಿಡ ಕಡಿಯುವುದು. ಕಡಿಯುವವರಿಗೆ ಇದು ಜವಾರಿ, ಇದು ಹೈಬ್ರಿಡ್ ಅಂತ ಭೇದ ಇರುವುದಿಲ್ಲ. ಅವರ ಕೆಲಸವೂ ಅದಲ್ಲ.

ನನಗೆ ಇದೆಲ್ಲಕ್ಕಿಂತ ವಿಚಿತ್ರ ಅನ್ನಿಸುವುದು ಬೇರೆ. ಭಂಗಿ ಬೆಳೆಯನ್ನು ಕಾನೂನಿನ ಒಳಗೆ ತಂದ ಕಡೆಯೂ ಜವಾರಿಗೆ ಜಾಗ ಸಿಕ್ಕಿಲ್ಲ. ನಾರಿಗೆ, ಕಾಳಿಗೆ ಬೆಳೆಯಲು ಅನುಮತಿ ಕೊಡುವ ಅಧಿಕಾರ ಕಾಯ್ದೆಯ 14ನೇ ಕಲಮಿನಲ್ಲೇ ಇದೆ. ಉತ್ತರಾಖಂಡ 2018ರಲ್ಲಿ ಮೊದಲು ಅದನ್ನು ಬಳಸಿ ಪರವಾನಗಿ ಕೊಡಲು ಶುರು ಮಾಡಿತು. ಷರತ್ತು ಏನೆಂದರೆ, ಗಿಡದಲ್ಲಿ ನಶೆಯ ಅಂಶ, ಅಂದರೆ ಟಿಎಚ್‌ಸಿ, ಶೇಕಡಾ 0.3ಕ್ಕಿಂತ ಕಡಿಮೆ ಇರಬೇಕು. ಪಹಾಡಿನ ಜವಾರಿ ಗಿಡಗಳು ಬಹುತೇಕ ಆ ಗೆರೆ ದಾಟುತ್ತವೆ. ಹಾಗಾಗಿ ಪರವಾನಗಿ ಪಡೆದ ರೈತ ಅಜ್ಜನ ಬೀಜ ಬಿಟ್ಟು ಹೊರಗಿನ ಬೀಜ ಹುಡುಕಬೇಕು. ಹುಡುಕಿ ಹಾಕಿದರೂ ಗುಡ್ಡದ ಕಾಡು ಭಂಗಿಯ ಪರಾಗ ಬಂದು ಅವನ ಬೆಳೆಯನ್ನು ಕೆಡಿಸುತ್ತದೆ.

ಈ 0.3 ಎಲ್ಲಿಂದ ಬಂತು ಗೊತ್ತಾ? 1976ರಲ್ಲಿ ಅರ್ನೆಸ್ಟ್ ಸ್ಮಾಲ್ ಅನ್ನುವ ಕೆನಡಾದ ಸಸ್ಯವಿಜ್ಞಾನಿ, ಅಮೆರಿಕದ ಸಸ್ಯವಿಜ್ಞಾನಿ ಕ್ರಾನ್‌ಕ್ವಿಸ್ಟ್ ಜೊತೆ ಸೇರಿ ಭಂಗಿ ಗಿಡಗಳ ವರ್ಗೀಕರಣ ಬರೆದರು. ನಾರಿನ ಗುಂಪು, ನಶೆಯ ಗುಂಪು ಅಂತ ಬೇರೆ ಮಾಡಲು ಎಲ್ಲೋ ಒಂದು ಗೆರೆ ಎಳೆಯಬೇಕಿತ್ತು, ಎಳೆದರು. ಸುಮ್ನೆ ಅನುಕೂಲಕ್ಕೆ ಎಳೆದ ಗೆರೆ ಅಂತ ಅವರೇ ಹೇಳಿದ್ದರು. ಸಸ್ಯಶಾಸ್ತ್ರದ ಆ ಪೆನ್ಸಿಲ್ ಗೆರೆ ಮುಂದೆ ದೇಶದೇಶಗಳ ಕಾನೂನಾಯಿತು. ಇವತ್ತು ಹಿಮಾಲಯದ ಒಂದು ತಳಿ ಉಳಿಯುತ್ತದೋ ಇಲ್ಲವೋ ಅನ್ನುವುದನ್ನು ಅದೂ ತೀರ್ಮಾನಿಸುತ್ತಿದೆ. ಹಿಮಾಚಲದಲ್ಲಿ 2025ರ ಆರಂಭದಲ್ಲಿ ಸಚಿವ ಸಂಪುಟ ಪಾಲಂಪುರ ಮತ್ತು ನೌಣಿಯ ವಿಶ್ವವಿದ್ಯಾಲಯಗಳಿಗೆ ಭಂಗಿ ಬೆಳೆಯ ಪ್ರಾಯೋಗಿಕ ಅಧ್ಯಯನದ ಕೆಲಸ ಕೊಟ್ಟಿದೆ. ಜವಾರಿ ಬೀಜಕ್ಕೆ ಒಂದು ಗೂಡು ಸಿಗುವುದಿದ್ದರೆ ಅಲ್ಲೇ ಸಿಗಬೇಕು.

ಮಾವನವರ ಮೊಣಕಾಲಿಗೆ ಬರೋಣ. ಇಲ್ಲಿ ನಾನು ವೈದ್ಯನಲ್ಲ, ಆದರೆ ಒಂದು ಗೊಂದಲ ಬಿಡಿಸಬಲ್ಲೆ. ಭಂಗಿ ಬೀಜದ ಎಣ್ಣೆ ಬೇರೆ, ಸಿಬಿಡಿ ಎಣ್ಣೆ ಬೇರೆ. ಬೀಜದ ಎಣ್ಣೆ ಅಗಸೆ ಎಣ್ಣೆಯಂತೆ ಒಂದು ಆಹಾರದ ಎಣ್ಣೆ. ಅದರಲ್ಲಿ ನಶೆಯೂ ಇಲ್ಲ, ನೋವಿನ ಮದ್ದೂ ಇಲ್ಲ. ಸಿಬಿಡಿ ಅಂದರೆ ಭಂಗಿ ಗಿಡದಲ್ಲಿರುವ, ನಶೆ ಬರಿಸದ ಒಂದು ರಾಸಾಯನಿಕ, ಅದನ್ನು ತೆಗೆಯುವುದು ಹೂವು, ಎಲೆಯಿಂದ. ಅದಕ್ಕೆ ಗಟ್ಟಿ ಪುರಾವೆ ಇರುವುದು ಮಕ್ಕಳಲ್ಲಿ ಬರುವ ಕೆಲವು ಅಪರೂಪದ ಫಿಟ್ಸ್ ಕಾಯಿಲೆಗಳಿಗೆ. ಅಮೆರಿಕದಲ್ಲಿ 2018ರಲ್ಲಿ ಅದಕ್ಕೆ ಔಷಧಿಯಾಗಿ ಒಪ್ಪಿಗೆ ಸಿಕ್ಕಿತು. ಮೊಣಕಾಲಿನ ಸವೆತಕ್ಕೆ ಅಂಥ ಪುರಾವೆ ಇಲ್ಲ. ನಮ್ಮಲ್ಲಿ ಆಯುರ್ವೇದದ 'ವಿಜಯಾ' (ಭಂಗಿಗೆ ಅಲ್ಲಿನ ಹೆಸರು) ಔಷಧಿಗಳು ಪರವಾನಗಿಯಡಿ ಸಿಗುತ್ತವೆ, ಆದರೆ ವೈದ್ಯರ ನಿಗಾದಲ್ಲೇ ತೆಗೆದುಕೊಳ್ಳಬೇಕು. ಮಾವನವರು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಇನ್ನೂ ಜಾಗ್ರತೆ. ಸಿಬಿಡಿ ಆ ಮಾತ್ರೆಯ ಪ್ರಭಾವ ಏರಿಸಬಹುದು. ವಯಸ್ಸಾದವರಿಗೆ ತಲೆಸುತ್ತು ಬಂದು ಬಚ್ಚಲಲ್ಲಿ ಬಿದ್ದರೆ ಮೊಣಕಾಲಿನ ಜೊತೆ ಸೊಂಟದ ಚಿಂತೆಯೂ ಸೇರಿಕೊಳ್ಳುತ್ತದೆ. ಅವರ ಡಾಕ್ಟರನ್ನು ಕೇಳದೆ ಏನೂ ಬೇಡ.

ನೀವು ಬರೆಯದೆ ಬಿಟ್ಟ ಒಂದು ಪ್ರಶ್ನೆ ಇದೆ. ಮಗ ಸೇದುತ್ತಾನಾ ಅಂತ. ನನಗೆ ಗೊತ್ತಿಲ್ಲ, ಪೊಟ್ಟಣ ನೋಡಿ ಹೇಳಲು ಆಗುವುದಿಲ್ಲ. ಬೀಜ ತಂದವನೆಲ್ಲ ಚಟದವನಲ್ಲ. ಟ್ರೆಕ್ಕಿಂಗ್‌ನಿಂದ ಕಲ್ಲು ತರುವ ಹುಡುಗರೂ ಇರುತ್ತಾರೆ. ಆದರೆ 'ಜವಾರಿ, ಆದ್ದರಿಂದ ಅಪಾಯವಿಲ್ಲ' ಅನ್ನುವ ಮಾತು ಅವನ ಬಾಯಲ್ಲಿ ಬಂದರೆ ಒಪ್ಪಬೇಡಿ. ಉಜ್ಜಿ ತೆಗೆದ ಚರಸ್ ಅಂದರೆ ಗಿಡದ ನಶೆಯನ್ನೆಲ್ಲ ಒಂದೆಡೆ ಒಟ್ಟು ಮಾಡಿದ್ದು. ಎಳೆ ವಯಸ್ಸಿನಲ್ಲಿ, ದಿನಾ, ಕಡುವಾದದ್ದನ್ನು ಸೇದುವವರಲ್ಲಿ ಮನೋರೋಗದ ಅಪಾಯ ಹೆಚ್ಚು ಅನ್ನುವುದು ಸಾಕಷ್ಟು ಖಚಿತವಾಗಿದೆ. ಮನೆತನದಲ್ಲಿ ಯಾರಿಗಾದರೂ ಅಂಥ ಕಾಯಿಲೆ ಇದ್ದರೆ ಇನ್ನೂ ಹೆಚ್ಚು. ಪೊಟ್ಟಣ ಮುಂದಿಟ್ಟುಕೊಂಡು ವಿಚಾರಣೆ ಮಾಡಬೇಡಿ. ಚಹಾ ಕುಡಿಯುವಾಗ ಕೇಳಿ. ಹೌದು ಅಂದರೆ 14446 ಅನ್ನುವ ಸರ್ಕಾರಿ ಸಹಾಯವಾಣಿ ಇದೆ, ಉಚಿತ.

ಈಗ ಪೊಟ್ಟಣ. ಮೊಳಕೆ ಹಾಕುವುದು ಬೇಡ, ಕಾರಣ ಹೇಳಿದೆ. ಯಾರಿಗಾದರೂ ಕೊಡುವುದು, ಮಾರುವುದು, ಕೊರಿಯರ್ ಮಾಡುವುದು ಬೇಡವೇ ಬೇಡ. ಬೀಜ ಭಂಡಾರಕ್ಕೆ ಕಳಿಸಲೇ ಅಂತ ಮಗ ಕೇಳುತ್ತಾನೆ. ಯಾವ ಊರು, ಯಾವ ಹೊಲ, ಎಷ್ಟು ಎತ್ತರ, ಯಾವ ತಿಂಗಳು, ಎಷ್ಟು ಗಿಡ, ಯಾರು ಕೊಟ್ಟರು ಅನ್ನುವ ವಿವರವಿಲ್ಲದ ಬೀಜಕ್ಕೆ ನಮ್ಮಲ್ಲಿ ಬೆಲೆಯಿಲ್ಲ. ವಿಳಾಸ ಇಲ್ಲದ ಕಾಗದ ಇದ್ದ ಹಾಗೆ. ಅದೂ ಈ ಬೆಳೆಗೆ ಅನುಮತಿಯಿಲ್ಲದೆ ಯಾವ ಸಂಸ್ಥೆಯೂ ಕೈ ಹಾಕುವುದಿಲ್ಲ. ಹೂವಿನ ಚೂರು ಮನೆಯಲ್ಲಿ ಇರಬಾರದು. ಮನಸ್ಸಿಗೆ ಸಮಾಧಾನ ಇಲ್ಲದಿದ್ದರೆ ಇಂಥ ಕೇಸು ನೋಡುವ ವಕೀಲರನ್ನು ಒಮ್ಮೆ ಕೇಳಿ, ಅರ್ಧ ಗಂಟೆಯ ಕೆಲಸ. ಪಾಪದ ಲೆಕ್ಕ ಕೇಳಿದಿರಲ್ಲ, ಐವತ್ತು ಬೀಜ ಹೋದರೆ ಒಂದು ತಳಿ ಸಾಯುವುದಿಲ್ಲ. ಅದು ಅಲ್ಲಿ ಕಾಂಡದ ಸಿಪ್ಪೆ ಸುಲಿಯುವ ಕೈಗಳಿರುವವರೆಗೆ ಇರುತ್ತದೆ. ನಿಮ್ಮ ಕಪಾಟಿಗೂ ಅದಕ್ಕೂ ಸಂಬಂಧವಿಲ್ಲ.

ಮಗನಿಗೆ ನಿಜವಾಗಿ ಆಸಕ್ತಿ ಇದ್ದರೆ ಉತ್ತರಾಖಂಡದ ರೈತರು ಪರವಾನಗಿಯಲ್ಲಿ ಬೆಳೆದ ನಾರಿನ ಬಟ್ಟೆ, ಚೀಲ ಕೊಳ್ಳಲಿ. ಕಾಂಡಕ್ಕೆ ಗಿರಾಕಿ ಬಂದರೆ ಅಂಟಿನ ಒತ್ತಡ ಅಷ್ಟು ಕಡಿಮೆ. ಇನ್ನು ಕಾಳು. 2021ರ ನವೆಂಬರಿನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಭಂಗಿ ಬೀಜ, ಅದರ ಎಣ್ಣೆ, ಹಿಟ್ಟನ್ನು ಆಹಾರ ಅಂತ ಒಪ್ಪಿಕೊಂಡಿದೆ. ಬೀಜದಲ್ಲಿ ಟಿಎಚ್‌ಸಿ ಕೆಜಿಗೆ 5 ಮಿಲಿಗ್ರಾಂ ಮೀರಬಾರದು. ಹಾಗಾಗಿ ಲೇಬಲ್ ಮತ್ತು ಪರವಾನಗಿ ಸಂಖ್ಯೆ ಇರುವ ಪ್ಯಾಕೆಟ್ಟನ್ನೇ ಕೊಳ್ಳಿ, ಮಗ ತಂದದ್ದನ್ನು ಒಗ್ಗರಣೆಗೆ ಹಾಕಬೇಡಿ. ಕೊಳ್ಳುವಾಗ ಒಂದು ಎಚ್ಚರ. 'ಭಂಗ್ಜೀರಾ' ಅಂತ ಇನ್ನೊಂದು ಪಹಾಡಿ ಕಾಳು ಸಿಗುತ್ತದೆ. ಹೆಸರು ಹತ್ತಿರ, ಗಿಡ ಬೇರೆ, ಅದು ತುಳಸಿಯ ಕುಟುಂಬದ್ದು.

ಕುಮಾಊಂ ಕಡೆ ಇದರ ಚಟ್ನಿ ಮಾಡುತ್ತಾರೆ. ಕಾಳನ್ನು ಸಣ್ಣ ಉರಿಯಲ್ಲಿ ಹುರಿಯಬೇಕು, ಚಟಪಟ ಅನ್ನುತ್ತದೆ. ಜೀರಿಗೆ, ಹಸಿಮೆಣಸಿನಕಾಯಿ, ಕೊತ್ತಂಬರಿ, ಉಪ್ಪು ಹಾಕಿ ಅರೆದು ಕೊನೆಗೆ ನಿಂಬೆರಸ. ಅವರು ಮಡುವೆ ರೊಟ್ಟಿ ಜೊತೆ ತಿನ್ನುತ್ತಾರೆ, ಮಡುವೆ ಅಂದರೆ ನಮ್ಮ ರಾಗಿ. ನಾನು ನೀರು ಹಾಕದೆ, ಒಣಮೆಣಸು ಬೆಳ್ಳುಳ್ಳಿ ಹಾಕಿ, ಗುರೆಳ್ಳು ಹಿಂಡಿ ಮಾಡುವ ಹಾಗೆ ಕುಟ್ಟಿ ನೋಡಿದೆ. ಜೋಳದ ರೊಟ್ಟಿಗೆ ಚಲೋ ಆಗುತ್ತದೆ. ಸಿಪ್ಪೆ ಸ್ವಲ್ಪ ಹಲ್ಲಿಗೆ ಸಿಗುತ್ತದೆ, ಮಾವನವರಿಗೆ ಕೊಡುವುದಾದರೆ ಜರಡಿ ಹಿಡಿಯಿರಿ.